ನೆರಳಿನ ಮೇಜು ತಳ್ಳುವ ಪೆನಿಯಾಮಿನ

ಆಕ್ಲೆಂಡಿನ ಮಾಂಗೆರೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ನಮ್ಮ ಸಮುದಾಯ ಭವನವನ್ನು ನೋಡಿಕೊಳ್ಳುವ ಪೆನಿಯಾಮಿನ ಗಾಲಿಯ ಮೇಜೊಂದನ್ನು ಗೋಡೆಯತ್ತ ತಳ್ಳುತ್ತಿದ್ದಾರೆ. ಮೇಜಿನ ಮೈಯೆಲ್ಲ ಹಳೆಯ ಚಿತ್ರಗಳು ಮೂಡುವ ಕಂಪ್ಯೂಟರ್ ಪರದೆ. ಮುಟ್ಟಬೇಕಿಲ್ಲ, ತೂಗುದೀಪದ ಕೆಳಗೆ ಕೈ ಚಾಚಿದರೆ ಬೆರಳಿನ ನೆರಳು ಬಿದ್ದ ಚಿತ್ರ ದೊಡ್ಡದಾಗುತ್ತದೆ. ನೆರಳು ಅಡ್ಡ ಹಾಯ್ದರೆ ಚಿತ್ರಗಳೆಲ್ಲ ಸರಿದುಹೋಗಿ ಬೇರೆಯವು ಬರುತ್ತವೆ.

ಪೆನಿಯಾಮಿನ ಸಮೋವಾದಿಂದ ಬಂದವರು. ಮಾಂಸದ ಕಾರ್ಖಾನೆಯಲ್ಲಿ ಬೆನ್ನು ಕೆಟ್ಟ ಮೇಲೆ ಈ ಕೆಲಸಕ್ಕೆ ಸೇರಿದರು. ಗುಡಿಸುತ್ತಾರೆ, ಹಿರಿಯರಿಗೆ ಕೋಕೋ ಗಂಜಿ ಕಾಯಿಸುತ್ತಾರೆ. ಸಂಜೆ ಹಾಡಿನವರಿಗಾಗಿ ಮೇಜನ್ನು ಬದಿಗಿಟ್ಟು, ಬೆಳಿಗ್ಗೆ ಮತ್ತೆ ತರುತ್ತಾರೆ. ಸಮೋವಾದ ಊರುಗಳ ಹಳೆಯ ಚಿತ್ರಗಳಲ್ಲಿರುವವರ ಹೆಸರು ಬರೆದಿಡಲೆಂದು ವಿಶ್ವವಿದ್ಯಾಲಯ ಕೊಟ್ಟ ಮೇಜು ಅದು. ನಾಳೆ ವಾಪಸು ಹೋಗುತ್ತದೆ.

ಲಕ್ವ ಹೊಡೆದ ಲಗಿ ಅಜ್ಜಿಗೆ ಮೇಜಿನ ಆಚೆ ಬದಿಗೆ ಕೈ ಎಟಕದು, ನೆರಳು ಎಟಕುತ್ತದೆ. ಅವರು ಹುಡುಕುತ್ತಿರುವುದು ಚಿಕ್ಕಂದಿನಲ್ಲೇ ಜ್ವರದಲ್ಲಿ ತೀರಿಕೊಂಡ ತಂಗಿಯ ಚಿತ್ರವನ್ನು. ಆ ಮುಖದ ಗುರುತು ಈಗ ಅವರೊಬ್ಬರಿಗೇ ಇರುವುದು.

ಕಳೆದ ವಾರ ತಂಗಿ ಸಿಕ್ಕಿದ್ದಳು. ಅಷ್ಟರಲ್ಲಿ ಪೆನಿಯಾಮಿನ ಗಂಜಿ ಹಿಡಿದು ಮೇಜಿನ ಆಚೆಯಿಂದ ಹಾದರು. ಸಮೋವಾದವರು ಕೂತ ಹಿರಿಯರ ಎದುರು ನೆಟ್ಟಗೆ ನಡೆಯುವುದುಂಟೇ? ಸೊಂಟ ಬಗ್ಗಿಸಿ, ಕೈ ತಗ್ಗಿಸಿ, "ತುಲೋ" ಎಂದು ಕ್ಷಮೆ ಕೇಳುತ್ತ ದಾಟಿದರು. ಬಗ್ಗಿದ ತಲೆಯ ನೆರಳು ಮೇಜಿನ ಮೇಲೆ ಬಿತ್ತು. ತಂಗಿ ಹೋದಳು.

"ನೆಲ ಗುಡಿಸಿದ್ದು ಸಾಲ್ದು ಅಂತ ನನ್ನ ತಂಗೀನೂ ಗುಡಿಸಿದ್ಯೇನೋ?" ಎಂದ ಅಜ್ಜಿ ಆಮೇಲೆ ಬರಲೇ ಇಲ್ಲ.

"ಬಗ್ಗಬೇಡಿ ಅಂತ ಚೀಟಿ ಅಂಟ್ಸು ಅಂದ್ರು ಕೆಲವರು. ಹ್ಯಾಗೆ ಅಂಟಿಸ್ಲಿ? ಅದಕ್ಕೇ ಮೇಜನ್ನೇ ಗೋಡೆಗೆ ಒತ್ತಿದೆ. ಹಿರಿಯರ ಎದುರಿಗೆ ದಾಟೋಕೆ ದಾರೀನೇ ಇಲ್ಲ ಈಗ," ಎನ್ನುತ್ತಾರೆ ಪೆನಿಯಾಮಿನ.

ಇವತ್ತು ತಾವೇ ಹೋಗಿ ಅಜ್ಜಿಯನ್ನು ಕರೆತಂದಿದ್ದಾರೆ.

"ದೂರ ನಿಲ್ಲೋ. ನಿನ್ನ ಮರ್ಯಾದೆ ಬಾಗಿಲ ಹತ್ರಾನೇ ಇರಲಿ," ಎನ್ನುತ್ತಾರೆ ಅಜ್ಜಿ.

"ಇಲ್ಲೇ ಇದೀನಮ್ಮ, ಉಸಿರೂ ಬಿಡಲ್ಲ."

ಅಜ್ಜಿಯ ಬೆರಳಿನ ನೆರಳು ಚಿತ್ರದಿಂದ ಚಿತ್ರಕ್ಕೆ ಹೋಗುತ್ತದೆ. ಬೆಳಗೆಲ್ಲ ಕಳೆಯುತ್ತದೆ. ಶಾಲೆಯ ಮಕ್ಕಳ ಸಾಲೊಂದರ ಮೇಲೆ ನೆರಳು ನಿಲ್ಲುತ್ತದೆ, ಬರಿಗಾಲಿನ ಹುಡುಗಿಯೊಬ್ಬಳು ಪರದೆಯ ಮೇಲೆ ದೊಡ್ಡವಳಾಗುತ್ತಾಳೆ. ಅಜ್ಜಿ ಹೆಸರು ಬರೆದುಕೊಳ್ಳಲು ಕೂತ ನನ್ನತ್ತ ತಿರುಗುತ್ತಾರೆ.

"ಬರ್ಕೊಳ್ಳಿ. ನನ್ನ ತಂಗಿ, ಮಾಸಿನಾ," ಎನ್ನುತ್ತಾರೆ.

ಇನ್ನೇನು ಆಸೆ ಎಂದು ಪೆನಿಯಾಮಿನರನ್ನು ಕೇಳುತ್ತೇನೆ.

"ಮುಂದೆ ಎಂಥಾ ಮೇಜು ಬಂದ್ರೂ ತಳ್ತೀನಮ್ಮ. ನಮ್ಮ ಮಕ್ಕಳು ಹಿರಿಯರ ಮುಂದೆ ಬಗ್ಗೋದು ಬಿಡಬಾರ್ದು, ಅಷ್ಟೇ."