ಹೆಗಲು ಕೊಡುವ ಟೀಮು

ಫುಟ್‌ಬಾಲ್ ಆಡುವುದಕ್ಕೆ ಎತ್ತರ ಬೇಕಾಗಿಲ್ಲ. ಗೋಲಿನಲ್ಲಿ ನಿಲ್ಲುವವನೊಬ್ಬ ಉದ್ದವಿದ್ದರೆ ಸಾಕು. ಚಟ್ಟ ಹೊರುವುದಕ್ಕೆ ಮಾತ್ರ ನಾಲ್ಕು ಜನ ಒಂದೇ ಎತ್ತರದವರು ಬೇಕು. ಒಬ್ಬ ಕುಳ್ಳನಾದರೂ ಆ ಮೂಲೆ ತಗ್ಗುತ್ತದೆ, ಭಾರ ಅವನ ಕಡೆ ವಾಲುತ್ತದೆ. ಇದನ್ನು ನಾನು ಕಲಿತದ್ದು ಫುಟ್‌ಬಾಲ್ ಕ್ಲಬ್ಬಿನಲ್ಲಿ.

ಮಾಗಡಿ ರಸ್ತೆಯ ಲೈನ್‌ಮನೆಗಳಲ್ಲಿ ಇರುವವರು ತಮಿಳು ಸೀಮೆಯ ಆರ್ಕಾಟಿನ ಕಡೆಯಿಂದ ಬಟ್ಟೆ ಮಿಲ್ಲಿನ ಕೆಲಸಕ್ಕೆ ಬಂದವರು. ಒಂದು ಕೋಣೆ, ಒಂದು ಒಲೆ, ಮುಂದೆ ಇನ್ನೊಬ್ಬರ ಬಾಗಿಲು. ನಮ್ಮ ಹೊಸಹಳ್ಳಿಯವರು ಅವರನ್ನು ‘ಬಂದೋರು’ ಅನ್ನುತ್ತಾರೆ. ಬಂದು ಎಷ್ಟು ವರ್ಷವಾದರೂ ಬಂದೋರೇ. ಕ್ಲಬ್ಬಿಗೊಂದು ಇಂಗ್ಲಿಷ್ ಹೆಸರಿದೆ, ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಲೈನ್‌ಮನೆ ಟೀಮು ಅಂದರೆ ಎಲ್ಲರಿಗೂ ಗೊತ್ತು.

ಕಟ್ಟಿದವರು ಏಳುಮಲೈ ಅಣ್ಣ. ಮಿಲ್ಲಿನಲ್ಲಿ ಮಗ್ಗ ನಡೆಸುತ್ತಾರೆ. ಅವರು ತಮ್ಮನನ್ನೂ ಕರೆದುಕೊಂಡು ಬಂದಿದ್ದರು. ಬಂದ ವರ್ಷವೇ ಆ ಹುಡುಗ ಜ್ವರದಲ್ಲಿ ಹೋದ. ಊರಲ್ಲದ ಊರು, ಹೆಗಲು ಕೊಡಲು ನಾಲ್ಕು ಜನ ಸಿಗಲಿಲ್ಲ. ಕೈಗಾಡಿಯಲ್ಲಿ ಹಾಕಿಕೊಂಡು ಹೋದರು. ಕಲ್ಲು ರಸ್ತೆ. ತಲೆ ಹಲಗೆಗೆ ಬಡಿಯದ ಹಾಗೆ ಅಣ್ಣ ದಾರಿಯುದ್ದಕ್ಕೂ ಕೈ ಕೊಟ್ಟು ಹಿಡಿದಿದ್ದರಂತೆ. ಆಮೇಲೆ ಅವರು ಮಾಡಿದ ಮೊದಲ ಕೆಲಸ ಒಂದು ಚೆಂಡು ಕೊಂಡದ್ದು.

“ಸಾವಿಗೆ ಸಂಘ ಕಟ್ಟೋಣ ಅಂದಿದ್ರೆ ಒಬ್ನೂ ಬರ್ತಿರ್ಲಿಲ್ಲ ತಂಬಿ. ಚೆಂಡು ಇಟ್ಟೆ, ಹನ್ನೊಂದು ಜನ ಬಂದ್ರು,” ಎಂದು ನನಗೆ ಹೇಳಿದ್ದರು.

ಆಡುವವನು ಹೊರಲೂಬೇಕು. ಕ್ಲಬ್ಬಿಗೆ ಇರುವ ಕಾನೂನು ಇದೊಂದೇ. ಆಟವನ್ನೂ ಸುಮ್ಮನೆ ಆಡಿಲ್ಲ. ಬೂಟು ಹಾಕಿದ ಮಿಲಿಟರಿ ಟೀಮನ್ನು ಕೆಸರಿನಲ್ಲಿ ಬರಿಗಾಲಲ್ಲಿ ಸೋಲಿಸಿದ್ದಾರೆ. ಗೆದ್ದ ಕಪ್ಪೊಂದು ಅಣ್ಣನ ಮನೆಯಲ್ಲಿ ಅಕ್ಕಿ ಡಬ್ಬದ ಮೇಲಿದೆ.

ನಾನು ಸೇರಿದ್ದು ಹೆಗಲು ಕೊಡುವುದಕ್ಕಲ್ಲ, ಆಟದ ಮೇಲಿನ ಪ್ರೀತಿಗೂ ಅಲ್ಲ. ನಮ್ಮ ಹೊಲ ಬಡಾವಣೆಗೆ ಹೋಗುತ್ತದೆ ಎಂದು ಸರ್ವೆಯವರು ಕಲ್ಲು ನೆಟ್ಟು ಹೋಗಿದ್ದರು. ಹೊಲ ಹೋದರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಚೆನ್ನಾಗಿ ಆಡುವವರನ್ನು ಮಿಲ್ಲಿಗೆ ತೆಗೆದುಕೊಳ್ಳುತ್ತಾರೆ ಅಂದರು, ಹೋಗಿ ಸೇರಿದೆ. ಟೀಮಿನ ಕುಳ್ಳ ಮಣಿಗೂ ಅದೇ ಆಸೆ. ಅವನದು ಬದಲಿ ಕೆಲಸ, ಯಾರಾದರೂ ಬಾರದ ದಿನ ಮಾತ್ರ ಮಿಲ್ಲಿಗೆ ಕರೆಯುತ್ತಿದ್ದರು.

ಈ ವರ್ಷ ಟೀಮು ಫೈನಲ್ಲಿಗೆ ಬಂತು. ಶನಿವಾರ ಸಂಜೆ ಆಟ, ಮಿಲ್ಲಿನ ಆಫೀಸರು ನೋಡಲು ಬರುತ್ತಾರೆ ಎಂದು ಹೇಳಿ ಕಳಿಸಿದ್ದರು. ಅದೇ ದಿನ ಮಧ್ಯಾಹ್ನ ಗೋವಿಂದನ್ ತಾತ ಸತ್ತುಹೋದರು. ಲೈನಿನ ಕೊನೇ ಮನೆಯ ಒಂಟಿ ಮುದುಕ. ಚೆಂಡು ಅನ್ನದ ಗಡಿಗೆಗೆ ಬಿದ್ದಾಗಿನಿಂದ ನಮ್ಮನ್ನು ಕಂಡರೆ ಬೈಯುತ್ತಿದ್ದವರು. ಲೈನಿನ ಗಂಡಸರೆಲ್ಲ ಪಾಳಿಯಲ್ಲಿದ್ದರು, ಟೀಮಿನವರಿಗೆ ಮಾತ್ರ ರಜಾ. ಹೊತ್ತು ಮುಳುಗಿದ ಮೇಲೆ ಅವರಲ್ಲಿ ಮಣ್ಣು ಮಾಡುವುದಿಲ್ಲ.

ಅಣ್ಣ ನಮ್ಮನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದರು. ಏಳು ಜನ ಇದ್ದರೆ ಆಟ ಆಡಿಸುತ್ತಾರೆ, ಆದ್ದರಿಂದ ನಾಲ್ವರು ಹೊರುವುದು, ಏಳು ಜನ ಆಡುವುದು ಎಂದರು. ಉದ್ದನೆಯವರು ಮುಂದೆ ಬನ್ನಿ ಎಂದರು. ಗೋಲ್‌ಕೀಪರ್ ಸೆಲ್ವ ಬಂದ, ಬ್ಯಾಕಿನ ಇಬ್ಬರು ಬಂದರು. ಕೊನೆಗೆ ನನ್ನನ್ನು ನೋಡಿದರು.

“ನಾನು ಆಡೋಕೆ ಬಂದವನು ಅಣ್ಣ. ನಿಮ್ಮೋರಲ್ಲ,” ಅಂದೆ.

ಅಣ್ಣನಿಗೆ ಸಿಟ್ಟು ಬರಲಿಲ್ಲ. “ಸರಿ, ನೀನು ಆಡು,” ಎಂದರು.

ಮಣಿ ಮುಂದೆ ಬಂದ. ಟವಲನ್ನು ಮಡಿಸಿ ಹೆಗಲ ಮೇಲಿಟ್ಟುಕೊಂಡು ಸೆಲ್ವನ ಪಕ್ಕ ನಿಂತು ನೋಡಿದ. ಸಾಲಲಿಲ್ಲ. ಇನ್ನೊಂದು ಟವಲು ಕೇಳಿ ಇಸಿದುಕೊಂಡು ಅದನ್ನೂ ಮಡಿಸಿಟ್ಟ. ಆಗಲೂ ಸಾಲಲಿಲ್ಲ. “ಕಾಲ್ಬೆರಳ ಮೇಲೆ ನಡೀತೀನಿ, ಹೋಗೋಣ,” ಅಂದ. ನನಗೆ ಬೇಕಾದ ಕೆಲಸವೇ ಅವನಿಗೂ ಬೇಕಿತ್ತು.

ಅವನ ಹೆಗಲಿಂದ ಎರಡೂ ಟವಲು ಕಿತ್ತು ಬಿಸಾಕಿದೆ. “ಹೋಗೋ, ನೀನು ಆಡು,” ಅಂದೆ. ದೊಡ್ಡ ಮನಸ್ಸಿನಿಂದ ಅಂದದ್ದಲ್ಲ, ಸಿಟ್ಟಿನಿಂದ ಅಂದದ್ದು.

ಸತ್ತವರು ಹಗುರ ಎಂದುಕೊಂಡಿದ್ದೆ, ಹಾಗೇನಿಲ್ಲ. ಅಣ್ಣ ಬೆಂಕಿ ಗಡಿಗೆ ಹಿಡಿದು ಮುಂದೆ ನಡೆದರು. ಹೊಸಹಳ್ಳಿ ದಾರಿಯಲ್ಲಿ ನಮ್ಮವರು ನಿಂತು ನೋಡಿದರು. ಮುಂದೆ ನೋಡುತ್ತ ನಡೆದೆ. ನಾಲ್ಕು ಹೆಗಲೂ ಒಂದೇ ಮಟ್ಟ, ತಾತ ಒಂದು ಕಡೆಗೂ ವಾಲಲಿಲ್ಲ.

ಮಣ್ಣು ಮಾಡಿ ಕೈ ತೊಳೆಯುವ ಹೊತ್ತಿಗೆ ಏಳು ಜನವೂ ಗ್ರೌಂಡಿನಿಂದ ಸೀದಾ ಅಲ್ಲಿಗೇ ಬಂದರು. ಐದು ಗೋಲು ತಿಂದು ಸೋತಿದ್ದರು. ಬಂದವರೆಲ್ಲ ಗುಂಡಿಯ ಮೇಲೆ ಒಂದೊಂದು ಹಿಡಿ ಮಣ್ಣು ಹಾಕಿದರು. ಮಣಿ ಒಬ್ಬನೇ ನಾಲ್ಕು ಜನರ ಜಾಗ ಓಡಿದ್ದನಂತೆ. ಆಫೀಸರು ಅವನನ್ನು ಕರೆದು, ಸೋಮವಾರದಿಂದ ಕಾಯಂ ಕೆಲಸಕ್ಕೆ ಬಾ ಅಂದಿದ್ದರು. ಇದನ್ನು ಹೇಳಿದವರು ಬೇರೆಯವರು. ಮಣಿ ನೆಲ ನೋಡುತ್ತಿದ್ದ.

ನನಗೆ ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳು. ಚೆನ್ನಾಗಿಯೇ ಉರಿಯಿತು. ಮನೆಗೆ ಹೊರಡೋಣ ಎಂದು ತಿರುಗಿದೆ. ಅಣ್ಣ ನನ್ನ ಅಂಗಿ ಸರಿಸಿ ಹೆಗಲು ನೋಡಿದರು. ಬಿದಿರು ಒತ್ತಿ ಕೆಂಪಗಾಗಿತ್ತು.

“ಕೆಲಸ ಕೊಡ್ಸೋದು ನನ್ ಕೈಲಿ ಆಗಲ್ಲ ತಂಬಿ. ಆದ್ರೆ ನಿನ್ ಕಾಲ ಬಂದಾಗ ಹೊರೋಕೆ ನಾವಿದೀವಿ.”

ಇಪ್ಪತ್ತು ದಾಟಿದವನಿಗೆ ಕೊಡುವ ಆಶೀರ್ವಾದವೇ ಇದು? ಆಗ ಮಣಿ ಬಾಯಿ ಬಿಟ್ಟ.

“ಅಣ್ಣ, ಇವನನ್ನ ಹೊರೋಕೆ ಮಾತ್ರ ನನ್ನ ಸೇರಿಸ್ಬೇಡಿ. ಒಂದ್ ಕಡೆ ವಾಲಿದ್ರೆ ಎದ್ದು ಕೂತ್ಕೊಂಡು ಬೈತಾನೆ.”

“ಹಂಗಾದ್ರೆ ನಾಲ್ಕನೇ ಆಳು ಯಾರು?” ಸೆಲ್ವ ಕೇಳಿದ.

ಒಬ್ಬ ಒಂದು ಹೆಸರು ಹೇಳಿದ. ಅವನು ನಡುದಾರಿಯಲ್ಲಿ ಬೀಡಿಗೆ ನಿಲ್ಲುತ್ತಾನೆ, ಬೇಡ ಎಂದ ಇನ್ನೊಬ್ಬ. ನನ್ನ ಎದುರಿಗೇ ಜಗಳವಾಡುತ್ತ ಲೈನಿನ ಕಡೆಗೆ ನಡೆದರು. ಸ್ವಲ್ಪ ದೂರ ಅವರ ಹಿಂದೆ ಹೋದೆ. ಆಮೇಲೆ ನಾನೂ ಒಂದು ಹೆಸರು ಹೇಳಿದೆ.