ಮ್ಯಾನೇಜರ್ ಅಲ್ಲದ ಪ್ರಿಯಂವದಾ

ಥಾಣೆ ಕಡೆಯ ಕೋಪರಿಯ ಪ್ರಿಯಂವದಾಳನ್ನು ಅವಳ ಕಂಪನಿ ಮ್ಯಾನೇಜರ್ ಮಾಡಿದಾಗ ಅತ್ತೆ ಜಯಲತಾ ಇಡೀ ಬಿಲ್ಡಿಂಗಿಗೆ ಪೇಡೆ ಹಂಚಿದ್ದರು. ಸಂಬಳ ಅಷ್ಟೇ, ಕುರ್ಚಿ ಅದೇ, ಕಿವಿಗೆ ಅದೇ ಹೆಡ್‌ಫೋನ್. ಐರೋಲಿಯ ಆಫೀಸಿನಲ್ಲಿ ಕೂತು, ಕರ್ನಾಟಕದ ವಿಮಾ ಗ್ರಾಹಕರ ಬೈಗುಳ ಕೇಳಿಸಿಕೊಂಡು, ಅವರಿಗೆ ಕನ್ನಡದಲ್ಲಿ ಸಮಾಧಾನ ಹೇಳುವುದು ಅವಳ ಕೆಲಸ. ಬದಲಾದದ್ದು ಕೊರಳಿನ ಗುರುತಿನ ಚೀಟಿ ಮಾತ್ರ. ಆದರೂ ನೆಂಟರ ಮದುವೆಗಳಲ್ಲಿ ಅತ್ತೆ "ನಮ್ಮ ಮ್ಯಾನೇಜರ್" ಎಂದು ಪರಿಚಯಿಸಿದರೆ ಅವಳೂ ಸುಮ್ಮನೆ ನಗುತ್ತಿದ್ದಳು. ಪುಕ್ಕಟೆ ಸಿಕ್ಕ ಬಿರುದನ್ನು ಯಾರು ತಾನೇ ಬೇಡವೆನ್ನುತ್ತಾರೆ?

ಈ ವರ್ಷ ಗ್ರಾಹಕರ ಜೊತೆ ಮಾತಾಡಲು ಯಂತ್ರ ಬಂತು. ಬೈದರೆ ಬೇಸರಿಸದ, ಚಹಾಕ್ಕೆಂದು ಏಳದ ಯಂತ್ರ. ಕಂಪನಿ ಅವಳ ಮುಂದೆ ರಾಜೀನಾಮೆಯ ಕಾಗದ ಇಟ್ಟು ಸಹಿ ಹಾಕೆಂದಿತು. ಕೆಲಸಗಾರರನ್ನು ತೆಗೆಯಬೇಕಾದರೆ ನೋಟೀಸು, ಪರಿಹಾರ ಎಂದೆಲ್ಲ ಕಾನೂನು ಇದೆ. ಮ್ಯಾನೇಜರಿಗೆ ಅದು ಯಾವುದೂ ಇಲ್ಲ ಎಂಬುದು ಅವರ ವಾದ. ಬಿರುದು ಕೊಟ್ಟದ್ದರ ಮರ್ಮ ಆಗ ಹೊಳೆಯಿತು. ಪ್ರಿಯಂವದಾಳಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಸಹಿ ಹಾಕದೆ ಥಾಣೆಯ ಕಾರ್ಮಿಕ ಕಚೇರಿಗೆ ದೂರು ಕೊಟ್ಟಳು.

ವಿಚಾರಣೆಯ ದಿನ ಅತ್ತೆಯೂ ಹೊರಟು ನಿಂತರು. ಬೇಡವೆಂದರೆ ಕೇಳುವ ಜೀವವೇ ಅದು? ಅಲ್ಲಿ ಕಂಪನಿಯ ವಕೀಲ ಬೆಣ್ಣೆಯಂಥ ಹಿಂದಿಯಲ್ಲಿ ಅತ್ತೆಯನ್ನೇ, ಸೊಸೆ ಯಾವ ಹುದ್ದೆಯಲ್ಲಿದ್ದಾರೆ ಎಂದು ಕೇಳಿದ.

"ಮ್ಯಾನೇಜರ್!" ಎಂದರು ಅತ್ತೆ, ಎದೆಯುಬ್ಬಿಸಿ.

"ಮನೆಯವರೇ ಹೇಳಿದರಲ್ಲ, ಸಾಹೇಬರೆ," ಎಂದು ವಕೀಲ ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯ ಕಡೆ ತಿರುಗಿದ.

ಅಧಿಕಾರಿ ಮಾತ್ರ ಅಲುಗಲಿಲ್ಲ. ಹುದ್ದೆಯ ಹೆಸರು ಏನೇ ಇರಲಿ, ಮಾಡುವ ಕೆಲಸ ಯಾವುದೆಂದು ನೋಡಬೇಕು ಎಂದು ಅವಳನ್ನೇ ಕೇಳಿದರು.

"ನಿಮ್ಮ ಕೈಕೆಳಗೆ ಎಷ್ಟು ಜನ?"

"ಯಾರೂ ಇಲ್ಲ ಸರ್."

"ರಜೆ ಮಂಜೂರು ಮಾಡುವ ಅಧಿಕಾರ?"

"ನನ್ನ ರಜೆಯೇ ಮಂಜೂರಾಗುವುದಿಲ್ಲ. ಅತ್ತೆಯ ಕಣ್ಣಿನ ಆಪರೇಷನ್ ದಿನ ಕೈಮುಗಿದು ಕೇಳಿದ್ದೆ. ಕೊಡಲಿಲ್ಲ."

ಜಯಲತಾ ತಟ್ಟನೆ ಸೊಸೆಯ ಮುಖ ನೋಡಿದರು. ಆಪರೇಷನ್ನಿಗೆ ಬರಲಿಲ್ಲವೆಂದು ಅಂದಿನಿಂದ ಅವರು ಒಳಗೊಳಗೇ ಮುನಿಸಿಕೊಂಡಿದ್ದರು. ದೊಡ್ಡ ಹುದ್ದೆಯ ಜಂಭ ಎಂದುಕೊಂಡಿದ್ದರು. ಈಗ ಎದ್ದು ನಿಂತು ತಮ್ಮ ಹರಕು ಹಿಂದಿಯಲ್ಲಿ, ತಾನು ಹೇಳಿದ್ದು ತಪ್ಪು, ಇವಳು ಮ್ಯಾನೇಜರ್ ಅಲ್ಲ, ಕಾಮಗಾರ್, ದುಡಿದು ದುಡಿದು ಸೊರಗಿದ ಕಾಮಗಾರ್ ಎಂದು ಅಧಿಕಾರಿಗೆ ಹೇಳಿಬಿಟ್ಟರು.

ಇವರು ಕೆಲಸಗಾರರೇ, ನೋಟೀಸು, ಪರಿಹಾರ ಇಲ್ಲದೆ ತೆಗೆಯುವಂತಿಲ್ಲ ಎಂದು ಅಧಿಕಾರಿ ವಕೀಲನಿಗೆ ಕಾನೂನನ್ನು ನಿಧಾನವಾಗಿ ಬಿಡಿಸಿ ಹೇಳಿದರು. ವಕೀಲ ಹೊರಗೆ ಹೋಗಿ ಫೋನು ಮಾಡಿ ಬಂದ. ರಾಜೀನಾಮೆ ಬೇಡ, ತರಬೇತಿ ಕೊಟ್ಟು ಬೇರೆ ವಿಭಾಗಕ್ಕೆ ಹಾಕುತ್ತೇವೆ ಎಂದು ಬರೆದುಕೊಟ್ಟ. ಪ್ರಿಯಂವದಾಳಿಗೆ ಹೋದ ಜೀವ ಬಂದಂತಾಯಿತು. ನಗುವೂ ಅಳುವೂ ಒಟ್ಟಿಗೇ ಬಂದವು.

ಹೊರಗೆ ರಿಕ್ಷಾಕ್ಕೆ ಕಾಯುವಾಗ ಅತ್ತೆ ಅವಳ ಕೈ ಹಿಡಿದುಕೊಂಡರು.

"ರಜೆ ಕೊಡ್ಲಿಲ್ಲ ಅಂತ ಆಗ್ಲೇ ಹೇಳ್ಬಾರ್ದಿತ್ತಾ ಮಾರಾಯ್ತಿ?"

"ಹೇಗೆ ಹೇಳುದು ಅತ್ತೆ? ಮ್ಯಾನೇಜರಿಗೇ ರಜೆ ಸಿಗ್ಲಿಲ್ಲ ಅಂದ್ರೆ ನೀವು ನಂಬ್ತಿದ್ರಾ?"