ತಾಯಕ್ಕನ ತುಂಬುಗಲ್ಲ

ಬಂಡ್ರಿಯ ರಸ್ತೆಬದಿಯಲ್ಲಿ ಖಾನಾವಳಿ ನಡೆಸುತ್ತಿದ್ದ ತಾಯಕ್ಕ ಕೂತದ್ದನ್ನು ಕಂಡವರು ಕಡಿಮೆ. ಅದಿರಿನ ಲಾರಿಗಳು ಎಡೆಬಿಡದೆ ಓಡುತ್ತಿದ್ದ ಕಾಲ. ಡ್ರೈವರುಗಳು ಕೆಂಪು ಧೂಳು ಕೊಡವಿಕೊಂಡು ಬೆಂಚಿಗೆ ಕೂರುವಷ್ಟರಲ್ಲಿ ತಟ್ಟೆಗೆ ರೊಟ್ಟಿ ಬಿದ್ದಿರಬೇಕು. ಗಂಡ ಗಾಳೆಪ್ಪನಿಗೆ ನೀರು ಕಾಯಿಸುವುದೂ ಬಾರದೆಂದು ಅವಳ ತೀರ್ಮಾನ. ಅದನ್ನು ಸುಳ್ಳು ಮಾಡುವ ಆಸೆ ಅವನಿಗೂ ಇರಲಿಲ್ಲ. ಗಲ್ಲಾದ ಮುಂದೆ ಬೀಡಿ ಸೇದುತ್ತ ಸುಖವಾಗಿದ್ದ.

ಒಂದು ಮುಂಜಾನೆ ತಾಯಕ್ಕ ಹಿತ್ತಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಹೊಸಪೇಟೆಯ ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ತೂಕಕ್ಕೆ ಮೈ ಜಾರಬಾರದೆಂದು ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟರು. ತಲೆ ತಗ್ಗಿಗೆ, ಕಾಲು ಮೇಲಕ್ಕೆ. ಮೂಳೆ ಕೂಡುವ ತನಕ ಹಾಗೇ ಇರಬೇಕು.

ಮೊದಮೊದಲು ಮೂಗು ಕಟ್ಟಿತು. ಉಚ್ಚೆಯಂತೂ ಗಳಿಗೆಗೊಮ್ಮೆ. ಬೆಳಿಗ್ಗೆ ಖಾನಾವಳಿ ನೋಡಿಕೊಂಡು ಮಧ್ಯಾಹ್ನ ಯಾವುದೋ ಲಾರಿ ಹತ್ತಿ ಬರುತ್ತಿದ್ದ ಗಾಳೆಪ್ಪ ಪಾತ್ರೆ ಹಿಡಿದು ಓಡುವುದು ಕಲಿತ. ತಾಯಕ್ಕ ನಾಚಿಕೆಗೆ ಆಸ್ಪತ್ರೆಯ ನೀರನ್ನು ಬೈದಳು. ಆದರೆ ನೋಡಲು ಬಂದ ಊರವರೆಲ್ಲ ಗಲ್ಲ ತುಂಬ್ಯಾವು, ಬಣ್ಣ ಏರೈತಿ ಎನ್ನತೊಡಗಿದರು. ಕನ್ನಡಿ ತರಿಸಿ ನೋಡಿದಳು. ಸುಕ್ಕೆಲ್ಲ ಮಾಯ! ಇಷ್ಟು ವರ್ಷ ಈ ಮುಖವನ್ನು ಒಲೆಯ ಹೊಗೆಯಲ್ಲಿ ಹಾಳು ಮಾಡಿದವರು ನೀವೇ ಎಂದು ಗಂಡನಿಗೆ ತಿಳಿಸಿದಳು. ಅವನು ಒಪ್ಪಿಕೊಂಡ. ಒಪ್ಪಿಕೊಳ್ಳುವುದು ಅವನಿಗೆ ರೂಢಿ.

ಡಾಕ್ಟರ್ ಪ್ರಿಯಂವದಾ ಬಂದಾಗಲೂ ಕನ್ನಡಿ ಕೈಯಲ್ಲೇ ಇತ್ತು. ಆಕೆ ನಕ್ಕು, ಹೊದಿಕೆ ಸರಿಸಿ, ನುಗ್ಗೆಕಾಯಿಯಂತಾಗಿದ್ದ ಕಾಲು ತೋರಿಸಿದಳು.

"ನೀವು ದಪ್ಪಾಗಿಲ್ರೀ ತಾಯಕ್ಕ. ಕಾಲಾಗಿನ ನೀರು ಮುಖಕ್ಕ ಬಂದದ, ಅಷ್ಟೇ."

ಬಾಹ್ಯಾಕಾಶಕ್ಕೆ ಹೋದವರಿಗೆ ಮೈಭಾರವೇ ಇರುವುದಿಲ್ಲ, ಕಾಲಿಗಿಳಿಯಬೇಕಾದ ರಕ್ತ ಎದೆಗೂ ತಲೆಗೂ ಏರುತ್ತದೆ ಎಂದು ವಿವರಿಸಿದಳು. ಅದನ್ನು ನೆಲದ ಮೇಲೇ ಪರೀಕ್ಷಿಸಲು ಗಟ್ಟಿಮುಟ್ಟಾದವರನ್ನು ವಾರಗಟ್ಟಲೆ ಹೀಗೇ ತಲೆ ತಗ್ಗಿಸಿ ಮಲಗಿಸುತ್ತಾರಂತೆ. ನೀರು ಹೆಚ್ಚಾಯಿತೆಂದು ಮೈ ಮೋಸಹೋಗಿ ಉಚ್ಚೆಯಲ್ಲಿ ಹೊರಗೆ ಹಾಕುತ್ತದೆ. ರಕ್ತ ಕಡಿಮೆಯಾಗಿ, ಕೆಲಸವೂ ಇಲ್ಲದೆ ಹೃದಯ ಸೋಮಾರಿಯಾಗುತ್ತದೆ. ಎಲ್ಲ ಕೇಳಿಸಿಕೊಂಡ ತಾಯಕ್ಕ, ಹಾಗೆ ಮಲಗಿದವರಿಗೆ ಊಟಕ್ಕೇನು ಕೊಡುತ್ತಾರೆಂದು ವಿಚಾರಿಸಿದಳು.

ಮೂಳೆ ಕೂಡಿತು, ಇಟ್ಟಿಗೆ ತೆಗೆದರು. ನಿಧಾನಕ್ಕೆ ಏಳಬೇಕೆಂದು ಹೇಳಿದ್ದರು. ಆದರೆ ಗಾಳೆಪ್ಪ ಹೊರಗೆ ಯಾರಿಗೋ ಖಾನಾವಳಿಯಲ್ಲಿ ಈಗ ತಾನೇ ತಟ್ಟುವ ರೊಟ್ಟಿಯ ಬಡಾಯಿ ಕೊಚ್ಚುವುದು ಕಿವಿಗೆ ಬಿತ್ತು. ತಾಯಕ್ಕ ನರ್ಸ್ ಬರುವ ಮುಂಚೆಯೇ ಮುರಿಯದ ಕಾಲೂರಿ ನಿಂತಳು. ಎದೆ ಡವಡವ ಎಂದಿತು, ಕಣ್ಣು ಕತ್ತಲಿಟ್ಟಿತು. ಒಳಗೆ ಓಡಿಬಂದ ಗಾಳೆಪ್ಪನ ತೋಳಿಗೇ ಕುಸಿದಳು.

ಎಚ್ಚರಾದಾಗ ಭೂಮಿ ಅಲುಗಾಡಿತೆಂದಳು. ಭೂಮಿಯಲ್ಲ, ನಿಂತಾಗ ರಕ್ತವನ್ನು ತಲೆಗೆ ಕಳಿಸುವುದನ್ನು ನಿಮ್ಮ ಮೈಯೇ ಮರೆತಿದೆ ಎಂದಳು ಪ್ರಿಯಂವದಾ. ಮನೆಯಲ್ಲಿ ಒಬ್ಬ ಸೋಮಾರಿ ಸಾಲದೆಂದು ಎದೆಯೂ ಹಾಗಾಯಿತೇ ಎಂದು ತಾಯಕ್ಕನಿಗೆ ಭಾರೀ ಬೇಸರ. ಕಾಲಿಗೆ ಬಿಗಿ ಪಟ್ಟಿ ಸುತ್ತಿ, ಉಪ್ಪುಮಜ್ಜಿಗೆ ಕುಡಿಸಿ, ದಿನಾ ಸ್ವಲ್ಪ ಸ್ವಲ್ಪ ಕೂರಿಸಿ ನಿಲ್ಲಿಸಿದರು. ಕಾಲಿಗೆ ಬಲ ಬಂದಂತೆ ಗಲ್ಲ ಇಳಿಯಿತು. ಅವಳಿಗೆ ತೊಡೆ ಮುರಿದಾಗಲೂ ಇಷ್ಟು ದುಃಖವಾಗಿರಲಿಲ್ಲ. ಮೊದಲಿನ ಹಂಗ ಆದ್ನಲ್ರೀ ಎಂದು ಗಂಡನ ಮುಂದೆ ಮುಖ ಸಣ್ಣ ಮಾಡಿದಳು.

"ನಂಗ ಈ ಮುಖಾನ ಗುರ್ತು," ಅಂದ ಗಾಳೆಪ್ಪ. "ಅದ್ಯಾರೋ ಬ್ಯಾರೆಯಾಕಿ ಮಲಗಿದ್ಲು."

ತಾಯಕ್ಕ ಗೋಡೆಗೆ ಮುಖ ತಿರುಗಿಸಿದಳು. ಅತ್ತ ತಿರುಗಿಯೇ, ಹಿಟ್ಟಿಗೆ ಬಿಸಿನೀರು ಹಾಕಿ ನಾದುತ್ತೀರೋ ಇಲ್ಲವೋ ಎಂದು ಕೇಳಿದಳು.

ವಾಕರ್ ಹಿಡಿದು ಮನೆಗೆ ಬಂದ ದಿನ ಅವಳ ತಟ್ಟೆಗೆ ಅವನ ರೊಟ್ಟಿ ಬಿತ್ತು. ದಪ್ಪ, ಅಂಚು ಸೀದಿತ್ತು. ಎರಡು ತಿಂದಳು; ಮೂರನೆಯದಕ್ಕೆ ತಟ್ಟೆ ಮುಂದೆ ಮಾಡಿದಳು.